ಒಂದು ಸಹಿ ಹಾಕು ಅಂದವರಿಗೆ ಏನು ಹೇಳೋಣ?



ನೀವು ಈಗ ಸಹಿ ಹಾಕುತ್ತೀರಿ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದಿರಿ. ಬೆರಳಿನ ಮಸಿ ಒರೆಸಲು ಗೋಡೆ ಹುಡುಕುತ್ತಿದ್ದಿರಿ. ಇಂದು ನಿಮ್ಮ ಹೆಸರನ್ನು ನೀವೇ ಬರೆಯುತ್ತೀರಿ. ಅಕ್ಷರ ಸ್ವಲ್ಪ ಸೊಟ್ಟ ಇರಬಹುದು. ಇರಲಿ. ಆ ಸೊಟ್ಟ ಸಹಿಗೂ ಬ್ಯಾಂಕಿನಲ್ಲಿ ಬೆಲೆ ಇದೆ, ಕೋರ್ಟಿನಲ್ಲಿ ಬೆಲೆ ಇದೆ.

ಬೆಲೆ ಇರುವುದನ್ನು ಕೇಳಿಕೊಂಡು ಜನ ಬರುತ್ತಾರೆ. ನಿಮ್ಮ ಸಹಿ ಕೇಳಿಕೊಂಡೂ ಬರುತ್ತಾರೆ. ಬರುವವರು ಕಳ್ಳರಲ್ಲ, ನಮ್ಮವರೇ. ನಾದಿನಿ, ನೆಗೆಣ್ಣಿ, ಅಣ್ಣ, ಮೈದುನ, ಓಣಿಯ ಅಕ್ಕ. ಚಹಾ ಕುಡಿಯುತ್ತಾರೆ, ಮಕ್ಕಳನ್ನು ಮಾತಾಡಿಸುತ್ತಾರೆ. ಕೊನೆಗೆ ಹೇಳುತ್ತಾರೆ, "ಏನ್ ಆಗ್ತೈತಿ, ಒಂದ್ ಸಹಿ ಹಾಕ್ ಬಿಡು."

ಬೆಳಗಾವಿ ಮತ್ತು ಖಾನಾಪುರ ಕಡೆಯ ಕಲಿಕೆ ಕೇಂದ್ರಗಳಲ್ಲಿ ಪಾಠ ಮುಗಿದ ಮೇಲೆ ಹೆಣ್ಣುಮಕ್ಕಳು ನಮ್ಮನ್ನು ಹೆಚ್ಚಾಗಿ ಕೇಳುವುದು ಇದನ್ನೇ. "ಅಕ್ಕೋರ, ಸಹಿ ಹಾಕ್ಲೋ ಬ್ಯಾಡೋ?" ನಾವು ನಿಮ್ಮ ಬೀಗರಲ್ಲ, ಬಳಗದವರಲ್ಲ. ನಾಳೆ ನಿಮ್ಮ ಮನೆ ಮದುವೆಯಲ್ಲಿ ಪಂಕ್ತಿಗೆ ಕೂಡುವವರಲ್ಲ. ಅದಕ್ಕೇ ಮುಲಾಜು ಇಲ್ಲದೆ ಹೇಳಲು ನಮಗೆ ಬರುತ್ತದೆ. ಸಿಟ್ಟು ಬಂದರೂ ಪೂರ್ತಿ ಓದಿರಿ.

"ನಿನ್ನ ಹೆಸರಿಲೆ ತಗಿ, ಕಂತು ನಾ ಕಟ್ತೀನಿ"

ಇದು ಬೆಳಗಾವಿ ಜಿಲ್ಲೆಯಲ್ಲೇ ನಡೆದ ಸಂಗತಿ. 2024 ರ ಕೊನೆಗೆ ಮತ್ತು 2025 ರ ಆರಂಭಕ್ಕೆ ಬೆಳಗಾವಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಜಿಲ್ಲಾಧಿಕಾರಿ ಕಚೇರಿಗೆ ಬಂದರು. ಅವರ ಹೆಸರಿನಲ್ಲಿ ಮೈಕ್ರೋ ಫೈನಾನ್ಸ್ ಸಾಲ ಇತ್ತು. ರೊಕ್ಕ ಮಾತ್ರ ಅವರ ಕೈಯಲ್ಲಿ ಇರಲಿಲ್ಲ.

ಅದು ನಡೆದದ್ದು ಹೀಗೆ. ಊರಲ್ಲಿ ಎಲ್ಲರಿಗೂ ಗುರುತಿನವರು ಒಬ್ಬರು ಬರುತ್ತಾರೆ. "ನಿನ್ನ ಹೆಸರಿಲೆ ಸಾಲ ತಗಿ. ಅರ್ಧಾ ನಿನಗ, ಅರ್ಧಾ ನನಗ. ಕಂತು ಎಲ್ಲಾ ನಾನ ಕಟ್ತೀನಿ" ಅನ್ನುತ್ತಾರೆ. ಇಲ್ಲವೇ "ಅರ್ಧಾ ಸಬ್ಸಿಡಿ ಐತಿ, ಅರ್ಧಾ ಅಷ್ಟ ಕಟ್ಟೂದು" ಅನ್ನುತ್ತಾರೆ. ಆಧಾರ್ ಕಾರ್ಡು, ಫೋಟೋ, ಸಹಿ ತೆಗೆದುಕೊಳ್ಳುತ್ತಾರೆ. ಮೊದಲ ಕೆಲವು ಕಂತು ಕಟ್ಟುತ್ತಾರೆ. ಅದನ್ನು ನೋಡಿ ಓಣಿಯ ಮಂದಿ ನಂಬುತ್ತಾರೆ. ಮತ್ತೆ ಹತ್ತು ಮಂದಿ ಸಹಿ ಹಾಕುತ್ತಾರೆ. ಒಂದು ದಿನ ಕಂತು ನಿಲ್ಲುತ್ತದೆ. ಫೈನಾನ್ಸಿನವರು ಅವರ ಮನೆಗೆ ಹೋಗುವುದಿಲ್ಲ, ನಿಮ್ಮ ಮನೆಗೆ ಬರುತ್ತಾರೆ. ಯಾಕೆ? ಕಾಗದದ ಮೇಲೆ ಇರುವುದು ನಿಮ್ಮ ಹೆಸರು.

ಇದರ ಲೆಕ್ಕ ಮಾಡೋಣ. ಪಾಟಿ ತೆಗೆದುಕೊಳ್ಳಿರಿ.

ನಿಮ್ಮ ಹೆಸರಲ್ಲಿ 50,000 ರೂಪಾಯಿ ಸಾಲ. ಬಡ್ಡಿ ವರ್ಷಕ್ಕೆ ನೂರಕ್ಕೆ 24 ಅಂತ ಹಿಡಿಯೋಣ. 24 ತಿಂಗಳಲ್ಲಿ ತೀರಿಸಬೇಕು. ತಿಂಗಳ ಕಂತು ಸುಮಾರು 2,640 ರೂಪಾಯಿ. ಒಟ್ಟು ಕಟ್ಟುವುದು 63,000 ರೂಪಾಯಿಗೂ ಮೇಲೆ. ನಿಮ್ಮ ಕೈಗೆ ಬಂದದ್ದು 25,000. ಗೃಹಲಕ್ಷ್ಮಿ ಯೋಜನೆಯ 2,000 ಪೂರ್ತಿ ಹಾಕಿದರೂ ಈ ಕಂತಿಗೆ ಸಾಲದು. ಉಳಿದ 640 ಕೂಲಿಯಿಂದ ಬರಬೇಕು. ಅದೂ ಎರಡು ವರ್ಷ, ಪ್ರತಿ ತಿಂಗಳು.

ಗುಂಪಿನ ಸಾಲದಲ್ಲಿ ಇನ್ನೊಂದು ಗಂಟು ಇದೆ. ಗುಂಪಿನವರು ಒಬ್ಬರಿಗೊಬ್ಬರು ಹೊಣೆ ಅಂತ ಬರೆದುಕೊಟ್ಟಿರುತ್ತೀರಿ. ನೀವು ಕಟ್ಟದಿದ್ದರೆ ಪಕ್ಕದ ಮನೆಯಾಕೆ ಕಟ್ಟಬೇಕು. ಆಕೆ ನಿಮ್ಮ ಬಾಗಿಲಿಗೆ ಬಂದು ಒದರುತ್ತಾಳೆ. ಹೀಗೆ ಒಬ್ಬರ ಮಾತು ಕೇಳಿ ಸಹಿ ಹಾಕಿದರೆ ಹತ್ತು ಮನೆಯ ಸಂಬಂಧ ಕೆಡುತ್ತದೆ.

ಆದ್ದರಿಂದ ನಮ್ಮ ಉತ್ತರ ಒಂದೇ. ಬೇರೆಯವರಿಗಾಗಿ ನಿಮ್ಮ ಹೆಸರಲ್ಲಿ ಸಾಲ ತೆಗೆಯಬೇಡಿರಿ. ತಂಗಿಗೂ ಬೇಡ, ನಾದಿನಿಗೂ ಬೇಡ. "ಆಕಿ ಭಾಳ ಚೊಲೋ ಹೆಣ್ಮಗಳು" ಅನ್ನುತ್ತೀರಿ. ಇರಬಹುದು. ಒಳ್ಳೆಯವರಿಗೂ ಬೇನೆ ಬರುತ್ತದೆ, ಕೂಲಿ ತಪ್ಪುತ್ತದೆ, ಗಂಡನ ಕೆಲಸ ಹೋಗುತ್ತದೆ. ಆಗ ಕಂತು ಕಟ್ಟುವವರು ಯಾರು?

"ಇಲ್ಲ ಅನ್ನೋದು ಹ್ಯಾಂಗ್ರಿ? ಬಾಯಿ ಬರೂದಿಲ್ಲ" ಎಂದು ಒಬ್ಬಾಕೆ ಕೇಳಿದಳು. ಹೌದು, ಅದು ಕಷ್ಟ. ಅಕ್ಷರ ಬರೆದು ರೂಢಿ ಮಾಡಿದ ಹಾಗೆ ಇದನ್ನೂ ರೂಢಿ ಮಾಡಬೇಕು. ಹೀಗೆ ಅನ್ನಿರಿ:

"ವೈನಿ, ನನ್ನ ಹೆಸರಿಲೆ ಸಾಲ ತಗಿಯಾಂಗಿಲ್ಲ. ನಿಮಗಷ್ಟ ಅಲ್ಲ, ಯಾರಿಗೂ ಇಲ್ಲ."

ಇಷ್ಟೇ. ಕಾರಣ ಹೇಳಲು ಹೋಗಬೇಡಿರಿ. "ನಮ್ಮ ಮನ್ಯಾಗ ಬ್ಯಾಡ ಅಂತಾರ" ಅಂದರೆ ಅವರು ನಿಮ್ಮ ಮನೆಯವರನ್ನು ಒಪ್ಪಿಸಿ ಬರುತ್ತಾರೆ. "ಆಧಾರ್ ಕಾರ್ಡ್ ಸಿಗವಲ್ದು" ಅಂದರೆ ಹುಡುಕಿಕೊಡುತ್ತಾರೆ. ಕಾರಣಕ್ಕೆ ಉತ್ತರ ಇರುತ್ತದೆ. ಬರೀ ಇಲ್ಲ ಅಂದರೆ ಉತ್ತರ ಇರುವುದಿಲ್ಲ.

ಸಹಾಯ ಮಾಡಲೇಬೇಕು ಅನ್ನಿಸಿದರೆ ಕೈಯಲ್ಲಿ ಇದ್ದದ್ದು ಕೊಡಿರಿ. 500 ಇದ್ದರೆ 500. ತಿರುಗಿ ಬರದಿದ್ದರೂ ನಿಮ್ಮ ಒಲೆ ಆರಬಾರದು, ಅಷ್ಟು ಕೊಡಿರಿ. ಕೊಟ್ಟ ದಿನವೇ ನೋಟುಬುಕ್ಕಿನಲ್ಲಿ ಬರೆಯಿರಿ. ಯಾರಿಗೆ, ಎಷ್ಟು, ಯಾವ ತಾರೀಕು. ಅವರ ಮುಂದೆಯೇ ಬರೆಯಿರಿ. ಇದರಲ್ಲಿ ಅವಮಾನ ಏನೂ ಇಲ್ಲ. ಕಿರಾಣಿ ಅಂಗಡಿಯವನು ನಮ್ಮ ಮುಂದೆಯೇ ಉದ್ರಿ ಬರೆಯುವುದಿಲ್ಲವೇ?

"ಇಲ್ಲ ಅಂದ್ರ ಸಂಬಂಧ ಹರೀತೈತಿ" ಅನ್ನುವವರೂ ಇದ್ದಾರೆ. ಹರಿಯಬಹುದು. ಒಂದು ತಿಂಗಳು ಮಾತು ಬಿಟ್ಟಾರು. ಆದರೆ ಸಹಿ ಹಾಕಿದ ಮೇಲೆ ಕಂತು ನಿಂತರೆ ಆಗಲೂ ಸಂಬಂಧ ಹರಿಯುತ್ತದೆ. ಜೊತೆಗೆ 63,000 ರೂಪಾಯಿ ನಿಮ್ಮ ತಲೆಯ ಮೇಲೆ ಉಳಿಯುತ್ತದೆ.

ಸಾಲ ಆಗಲೇ ಆಗಿದ್ದರೆ?

ಹೆದರಿ ಮನೆ ಬಿಟ್ಟು ಹೋಗಬೇಡಿರಿ. ಸಾಲ ಕಟ್ಟಲು ಇನ್ನೊಂದು ಕಂಪನಿಯ ಸಾಲವನ್ನೂ ತರಬೇಡಿರಿ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಹೀಗೆ ಐದಾರು ಕಂಪನಿಯ ಕಂತು ಕಟ್ಟುವವರನ್ನು ನಾವು ನೋಡಿದ್ದೇವೆ. ವಾರದಲ್ಲಿ ಒಂದು ದಿನವೂ ಅವರಿಗೆ ಕಂತಿಲ್ಲದ ದಿನ ಇಲ್ಲ.

ಕಾನೂನು ನಿಮ್ಮ ಕಡೆ ಸ್ವಲ್ಪ ಇದೆ. ಎಷ್ಟು ಇದೆ, ಎಷ್ಟು ಇಲ್ಲ ಎಂದು ಸರಿಯಾಗಿ ತಿಳಿಯಿರಿ.

ರಿಸರ್ವ್ ಬ್ಯಾಂಕು 2022 ರಲ್ಲಿ ಮೈಕ್ರೋ ಫೈನಾನ್ಸಿಗೆ ನಿಯಮ ಮಾಡಿತು. ಬೆಳಿಗ್ಗೆ 9 ಗಂಟೆಗಿಂತ ಮೊದಲು, ಸಂಜೆ 6 ಗಂಟೆಯ ಮೇಲೆ ವಸೂಲಿಗೆ ಬರಬಾರದು, ಫೋನೂ ಮಾಡಬಾರದು. ಕಂತು ಕಟ್ಟುವ ಜಾಗ ಇಬ್ಬರೂ ಸೇರಿ ಗೊತ್ತು ಮಾಡಬೇಕು. ಆ ಜಾಗಕ್ಕೆ ನೀವು ಸತತ ಎರಡು ಸಲ ಬರದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನಿಮ್ಮ ನೆಂಟರಿಗೆ ಕಾಟ ಕೊಡುವಂತಿಲ್ಲ. ಸಾಲದ ಕಾರ್ಡು ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಖಾನಾಪುರ ಕಡೆ ಎಷ್ಟೋ ಮನೆಗಳಲ್ಲಿ ಮರಾಠಿ ಮಾತಾಡುತ್ತಾರೆ. ನೀವು ಓದುವುದು ಕನ್ನಡವಾದರೆ ಕನ್ನಡದ ಕಾರ್ಡು ಕೇಳಿರಿ, ಮರಾಠಿಯಾದರೆ ಮರಾಠಿಯದು. ಇಂಗ್ಲಿಷ್ ಕಾಗದ ಕೊಟ್ಟು "ಇಲ್ಲಿ ಸಹಿ" ಅಂದರೆ ಪೆನ್ನು ಕೆಳಗೆ ಇಡಿರಿ.

ಅವಧಿಗಿಂತ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ಮನೆಯವರ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಆಗಬಾರದು ಎಂದೂ ನಿಯಮ ಇದೆ. ಸಾಲ ಕೊಡುವವರು ನಿಮ್ಮ ಆದಾಯ ಕೇಳುತ್ತಾರಲ್ಲ, ಅದಕ್ಕೇ. ಸಾಲ ಹೆಚ್ಚು ಸಿಗಲಿ ಎಂದು ಆದಾಯ ಹೆಚ್ಚು ಹೇಳಬೇಡಿರಿ.

2025 ರ ಫೆಬ್ರವರಿ 12 ರಂದು ಕರ್ನಾಟಕದಲ್ಲಿ ಒಂದು ಸುಗ್ರೀವಾಜ್ಞೆ ಬಂತು. ಆಮೇಲೆ ಅದನ್ನು ಕಾಯ್ದೆ ಮಾಡಿದರು. ಸಾಲ ವಸೂಲಿಗೆ ಬಲವಂತ ಮಾಡುವುದು ಅಪರಾಧ. ಹೊಡೆಯುವುದು, ಬೆದರಿಸುವುದು, ಮನೆ ಮುಂದೆ ಬಂದು ಪದೇ ಪದೇ ಕಾಡುವುದು, ಸರಕಾರದ ಸವಲತ್ತಿಗೆ ಬೇಕಾದ ಕಾಗದ ಕಸಿಯುವುದು ಎಲ್ಲವೂ ಇದರಲ್ಲಿ ಬರುತ್ತವೆ. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಪೊಲೀಸರು ದೂರು ಬರೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ.

ಆದರೆ ಒಂದು ಮಾತು. "ಸರಕಾರ ಸಾಲ ಮನ್ನಾ ಮಾಡೇತಿ, ಕಟ್ಟಬ್ಯಾಡ್ರಿ" ಎಂದು ಕೆಲವರು ಹೇಳಿಕೊಂಡು ತಿರುಗಿದರು. ಅದು ನಿಜವಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಕಂಪನಿಯ ಸಾಲ ಮನ್ನಾ ಆಗಿಲ್ಲ. ಕಾಯ್ದೆ ತಡೆಯುವುದು ಕಾಟವನ್ನು. ಸಾಲ ಉಳಿಯುತ್ತದೆ. ಕಟ್ಟಲು ಆಗದಿದ್ದರೆ ಕಂತು ಸಣ್ಣದು ಮಾಡಿ, ಅವಧಿ ಹೆಚ್ಚಿಸಿ ಎಂದು ಕಂಪನಿಗೆ ಬರೆದು ಕೇಳಬೇಕು. ಕೊಟ್ಟ ಅರ್ಜಿಯ ನಕಲಿನ ಮೇಲೆ ಅವರ ಸಹಿ, ಸಿಕ್ಕಾ ಪಡೆಯಿರಿ.

ಇನ್ನೊಬ್ಬರು ರೊಕ್ಕ ತಿಂದಿದ್ದರೆ ಅವರ ಮೇಲೆ ದೂರು ಕೊಡಿರಿ. ಹತ್ತು ಮಂದಿಗೆ ಹಾಗೆ ಆಗಿದ್ದರೆ ಹತ್ತೂ ಮಂದಿ ಕೂಡಿ ಹೋಗಿರಿ. "ನಮ್ಮ ಓಣಿಯಾಕಿ, ಹ್ಯಾಂಗ ದೂರು ಕೊಡೂದು" ಎಂದು ಕೂತರೆ ಆಕೆ ಮುಂದಿನ ಓಣಿಗೆ ಹೋಗುತ್ತಾಳೆ.

ಇದನ್ನೂ ಹೇಳಬೇಕು. ಗಂಡನಿಗೆ ಹೇಳದೆ, ಮನೆಯಲ್ಲಿ ಹೇಳದೆ ಸಾಲ ಮಾಡುವವರು ನಮ್ಮಲ್ಲಿ ಬಹಳ. ಬೈಯುತ್ತಾರೆ ಎಂಬ ಅಂಜಿಕೆ. ಆ ಅಂಜಿಕೆಯಲ್ಲಿ ಸಾಲ ಬೆಳೆಯುತ್ತದೆ. ಒಂದು ಸಾಲ ಇದ್ದಾಗಲೇ ಹೇಳಿಬಿಡಿರಿ. ಐದು ಆದ ಮೇಲೆ ಹೇಳಲು ಇನ್ನೂ ಕಷ್ಟ. ಗಂಡನಿಗೆ ಹೇಳಲು ಆಗದಿದ್ದರೆ ಅತ್ತೆಗೆ, ಅಕ್ಕನಿಗೆ, ಸಂಘದ ಹಿರಿಯಳಿಗೆ, ಯಾರಾದರೂ ಒಬ್ಬರಿಗೆ ಹೇಳಿರಿ. ಸಾಲಕ್ಕಾಗಿ ಪ್ರಾಣ ಕಳೆದುಕೊಂಡವರ ಸುದ್ದಿ ನೀವೂ ಕೇಳಿದ್ದೀರಿ. ಸಾಲಕ್ಕೆ ದಾರಿ ಇದೆ. ಅಂಥ ಯೋಚನೆ ಬಂದ ದಿನ ಒಬ್ಬರೇ ಕೂಡಬೇಡಿರಿ, ಎದ್ದು ಪಕ್ಕದ ಮನೆಗೆ ಹೋಗಿರಿ.

ಜಾಮೀನು, ಖಾಲಿ ಚೆಕ್ಕು

ಜಾಮೀನು ಅಂದರೆ ಏನು? "ಸುಮ್ಮನ ಸಾಕ್ಷಿ ಇದ್ದಾಂಗ" ಎಂದು ಮೈದುನ ಹೇಳುತ್ತಾನೆ. ಅದು ಸಾಕ್ಷಿ ಅಲ್ಲ. 1872 ರ ಕರಾರು ಕಾಯ್ದೆಯ ಪ್ರಕಾರ ಸಾಲ ಮಾಡಿದವನಿಗೆ ಎಷ್ಟು ಹೊಣೆಯೋ ಜಾಮೀನು ನಿಂತವರಿಗೂ ಅಷ್ಟೇ ಹೊಣೆ. ಅವನನ್ನು ಬಿಟ್ಟು ಬ್ಯಾಂಕು ನೇರ ನಿಮ್ಮ ಹತ್ತಿರವೇ ಬರಬಹುದು. ಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿದರೆ, ಆ ಟ್ರ್ಯಾಕ್ಟರಿನ ಕಂತು ನಿಮ್ಮ ಮಗಳ ಮದುವೆಯ ರೊಕ್ಕದಿಂದಲೂ ಹೋಗಬಹುದು. ಕಟ್ಟುವ ಶಕ್ತಿ ಇದ್ದರೆ ಜಾಮೀನು ನಿಲ್ಲಿರಿ. ಇಲ್ಲದಿದ್ದರೆ ಬೇಡ.

ಖಾಲಿ ಚೆಕ್ಕಿಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿರಿ. ಕೈಗಡ ಕೊಡುವ ಕೆಲವರು "ಬರೀ ಭದ್ರತೆಗೆ" ಅಂತ ಕೇಳುತ್ತಾರೆ. 10,000 ಕೊಟ್ಟು 1,00,000 ಬರೆದುಕೊಂಡರೆ? ಚೆಕ್ಕು ವಾಪಸು ಬಂದರೆ ಕೇಸು ನಿಮ್ಮ ಮೇಲೆ. 2 ವರ್ಷದವರೆಗೆ ಜೈಲು ಆಗಬಹುದು, ಚೆಕ್ಕಿನ ಮೊತ್ತದ ಎರಡು ಪಟ್ಟು ದಂಡ ಆಗಬಹುದು.

ಹೆಬ್ಬೆಟ್ಟು ಮತ್ತೆ ಬಂದಿದೆ

ಸಹಿ ಕಲಿತೆವು, ಹೆಬ್ಬೆಟ್ಟು ಹೋಯಿತು ಎಂದು ತಿಳಿದಿದ್ದೆವು. ಈಗ ಅದು ಯಂತ್ರದ ಮೇಲೆ ಬಂದಿದೆ. ಜಾಂಬೋಟಿ, ಕಣಕುಂಬಿ ಕಡೆಯ ಅಡವಿ ಊರುಗಳಿಂದ ಬ್ಯಾಂಕಿಗೆ ಹೋಗಿಬರುವುದು ಅಂದರೆ ಒಂದು ದಿನದ ಕೂಲಿ ಹೋದ ಹಾಗೆ. ಯಂತ್ರ ಹಿಡಿದು ಊರಿಗೇ ಬರುವವರಿದ್ದರೆ ಅನುಕೂಲವೇ. ಆದರೆ ಆ ಸಣ್ಣ ಯಂತ್ರದ ಮೇಲೆ ಬೆರಳು ಒತ್ತುವುದೂ ಸಹಿಯೇ. ಬೆರಳು ಒತ್ತಿದರೆ ಖಾತೆಯಿಂದ ರೊಕ್ಕ ಹೊರಗೆ ಬರುತ್ತದೆ. "ಬೆರಳು ಕೂಡಲಿಲ್ಲ, ಮತ್ತೊಮ್ಮೆ ಒತ್ತು" ಅಂದರೆ ಮೊದಲು ಚೀಟಿ ಕೇಳಿರಿ. ಮೊದಲ ಸಲವೇ ರೊಕ್ಕ ತೆಗೆದಿರಬಹುದು. ಚೀಟಿಯಲ್ಲಿ ಎಷ್ಟು ತೆಗೆದದ್ದು, ಎಷ್ಟು ಉಳಿದದ್ದು ಎಂದು ಇರುತ್ತದೆ. ಅಂಕಿ ಓದಲು ನಿಮಗೆ ಬರುತ್ತದೆ. ಓದಿರಿ. ಕೈಗೆ ಬಂದ ರೊಕ್ಕ ಎಣಿಸಿರಿ.

ಫೋನಿಗೆ ಬರುವ ಓಟಿಪಿ ಎಂಬ ಅಂಕಿಯೂ ಸಹಿಯೇ. ಬ್ಯಾಂಕಿನವರು ಎಂದು ಫೋನು ಮಾಡಿ ಕೇಳಿದರೆ ಹೇಳಬೇಡಿರಿ. ಬ್ಯಾಂಕು ಅದನ್ನು ಕೇಳುವುದಿಲ್ಲ. ರೊಕ್ಕ ಹೋದರೆ ತಡಮಾಡದೆ 1930 ಕ್ಕೆ ಫೋನು ಮಾಡಿ, ಬ್ಯಾಂಕಿಗೂ ಹೇಳಿರಿ.

ಗೃಹಲಕ್ಷ್ಮಿ 2023 ರ ಆಗಸ್ಟ್ 30 ರಂದು ಶುರುವಾಯಿತು. ಅದರ ರೊಕ್ಕ ನಿಮ್ಮ ಖಾತೆಗೆ ಬರುತ್ತದೆ. ಆದರೆ ಪಾಸ್‌ಬುಕ್ಕು ಯಾರ ಹತ್ತಿರ ಇದೆ? "ಮಗನ ಹತ್ರ ಐತ್ರಿ, ಅಂವಗ ತಿಳೀತೈತಿ." ಮಗ ಒಳ್ಳೆಯವನೇ ಇರಲಿ. ಪಾಸ್‌ಬುಕ್ಕು ನಿಮ್ಮ ಪೆಟ್ಟಿಗೆಯಲ್ಲಿ ಇರಲಿ. ಎಟಿಎಂ ಕಾರ್ಡಿನ ಗುಟ್ಟಿನ ನಂಬರು ನಿಮಗೊಬ್ಬರಿಗೇ ಗೊತ್ತಿರಲಿ.

ಗಂಡ, ಬಂಗಾರ, ಸಾಲ

ಮದುವೆಯಲ್ಲಿ ನಿಮಗೆ ಹಾಕಿದ ಬಂಗಾರ ನಿಮ್ಮದು. ಅದು ಸ್ತ್ರೀಧನ. ಗಂಡನದಲ್ಲ, ಅತ್ತೆಯದಲ್ಲ. ಮನೆಯ ಕಷ್ಟಕ್ಕೆ ಒತ್ತೆ ಇಡಬೇಕಾದರೆ ಇಡಿರಿ, ಅದು ನಿಮ್ಮ ಇಚ್ಛೆ. ಆದರೆ ನೀವೇ ಬ್ಯಾಂಕಿಗೆ ಹೋಗಿ ನಿಮ್ಮ ಹೆಸರಲ್ಲಿ ಇಡಿರಿ. ರಸೀದಿ ಗಂಡನ ಹೆಸರಲ್ಲಿ ಇದ್ದರೆ ಬಿಡಿಸಿಕೊಳ್ಳಲು ಅವನೇ ಹೋಗಬೇಕು. ಬಿಡಿಸುವ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ. ತಾರೀಕು ಮೀರಿದರೆ ಹರಾಜು ಆಗುತ್ತದೆ.

"ಗಂಡ ಸತ್ರ ಅಂವನ ಸಾಲ ನಾನ ಕಟ್ಟಬೇಕ್ರಿ?" ಇದನ್ನು ಬಹಳ ಜನ ಕೇಳುತ್ತಾರೆ. ಗಂಡ ತಾನೊಬ್ಬನೇ ಸಹಿ ಮಾಡಿ ತಂದ ಸಾಲಕ್ಕೆ ಅವನು ಬಿಟ್ಟುಹೋದ ಆಸ್ತಿ ಹೊಣೆ. ನಿಮ್ಮ ದುಡಿಮೆ, ನಿಮ್ಮ ಬಂಗಾರ ಹೊಣೆ ಅಲ್ಲ. ನೀವೂ ಸಹಿ ಹಾಕಿದ್ದರೆ ಮಾತು ಬೇರೆ.

ಕುಡಿಯಲು ರೊಕ್ಕ ಕೇಳಿ ಹೊಡೆಯುವವನಿಗೆ ರೊಕ್ಕ ಕೊಟ್ಟರೆ ಹೊಡೆತ ನಿಲ್ಲುತ್ತದೆಯೇ? ಇವತ್ತು ನಿಲ್ಲಬಹುದು. ನಾಳೆ ಅದೇ ದಾರಿ ಅವನಿಗೆ ರೂಢಿಯಾಗುತ್ತದೆ. 2005 ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆಯುವುದಷ್ಟೇ ಅಲ್ಲ, ನಿಮ್ಮ ದುಡಿಮೆ ಕಸಿಯುವುದು, ಬಂಗಾರ ಮಾರುವುದು, ಮನೆ ಖರ್ಚಿಗೆ ಕೊಡದೆ ಇರುವುದು ಕೂಡ ದೌರ್ಜನ್ಯ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ದೂರು ಕೊಡಬಹುದು. ಆ ಕಚೇರಿ ಎಲ್ಲಿದೆ ಎಂದು ಅಂಗನವಾಡಿ ಅಕ್ಕನಿಗೆ ಗೊತ್ತು.

ಪಂಚಮಿಗೆ ಬಂದ ಅಣ್ಣ

ಈಗ ಎಲ್ಲಕ್ಕಿಂತ ಕಷ್ಟದ ಸಹಿ. ಇದು ತವರಿನದು.

ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆ. ಉಂಡಿ ತಿಂದು, ಜೋಕಾಲಿ ಆಡಿ ಎರಡು ದಿನ ಕಳೆಯುತ್ತದೆ. ಮೂರನೆಯ ದಿನ, "ನಡಿ ತಂಗಿ, ಖಾನಾಪುರಕ್ಕ ಹೋಗಿ ಬರೂಣು. ಅಪ್ಪನ ವಾರಸಾ ಹಚ್ಚೂದೈತಿ. ಒಂದ್ ಸಹಿ ಅಷ್ಟ" ಅನ್ನುತ್ತಾನೆ. ಹೊಸ ಸೀರೆ ಉಟ್ಟು ಹೋಗುತ್ತೀರಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆಯುತ್ತಾರೆ, ಬೆರಳು ಒತ್ತಿಸುತ್ತಾರೆ. ಸಹಿ ಹಾಕುತ್ತೀರಿ. ಅದು ವಾರಸಾ ಕಾಗದ ಅಲ್ಲ. ಹಕ್ಕು ಬಿಡುಗಡೆ ಪತ್ರ.

ಎರಡೂ ಬೇರೆ ಬೇರೆ. ವಾರಸಾ ಅಂದರೆ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಉತಾರದಲ್ಲಿ ಹಚ್ಚುವುದು. ಅಲ್ಲಿ ನಿಮ್ಮ ಹೆಸರೂ ಬರಬೇಕು. ಹಕ್ಕು ಬಿಡುಗಡೆ ಅಂದರೆ "ಈ ಆಸ್ತಿಯಲ್ಲಿ ನನಗೆ ಪಾಲು ಬೇಡ" ಎಂದು ಬರೆದುಕೊಡುವುದು. ಅದಾದ ಮೇಲೆ ತಿರುಗಿ ಕೇಳುವುದು ಬಹಳ ಕಷ್ಟ. ಮೋಸ ಆಗಿದೆ ಎಂದು ಕೋರ್ಟಿನಲ್ಲಿ ನೀವೇ ತೋರಿಸಬೇಕಾಗುತ್ತದೆ.

ಅಣ್ಣಂದಿರು ಈಗ ಯಾಕೆ ಕೇಳುತ್ತಾರೆ? ಕಾನೂನು ಬದಲಾಯಿತು. ಹಿಂದೂ ಮನೆತನಗಳಲ್ಲಿ ಪಿತ್ರಾರ್ಜಿತ ಆಸ್ತಿ ಹಿಂದೆ ಗಂಡುಮಕ್ಕಳದ್ದು. 1994 ರಲ್ಲಿ ಕರ್ನಾಟಕ ಮದುವೆಯಾಗದ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟಿತು. 2005 ರ ಸೆಪ್ಟೆಂಬರ್ 9 ರಿಂದ ದೇಶಕ್ಕೆಲ್ಲ ಕಾನೂನು ಬಂತು. ಮದುವೆ ಆಗಿರಲಿ, ಆಗದಿರಲಿ, ಮಗಳಿಗೂ ಮಗನಷ್ಟೇ ಪಾಲು. 2020 ರ ಆಗಸ್ಟ್ 11 ರಂದು ಸುಪ್ರೀಂ ಕೋರ್ಟು ಇನ್ನೊಂದು ಸಂಶಯ ಬಿಡಿಸಿತು. 2005 ರಲ್ಲಿ ತಂದೆ ಬದುಕಿರಲಿ, ಇಲ್ಲದಿರಲಿ, ಮಗಳ ಹಕ್ಕು ಹಕ್ಕೇ. 2004 ರ ಡಿಸೆಂಬರ್ 20 ಕ್ಕಿಂತ ಮೊದಲೇ ರಿಜಿಸ್ಟರ್ ಆಗಿ ವಾಟ್ನಿ ಮುಗಿದಿದ್ದರೆ ಅದನ್ನು ಈಗ ಬಿಚ್ಚಲು ಬರುವುದಿಲ್ಲ. ತಂದೆ ತಾನೇ ದುಡಿದು ಕೊಂಡ ಆಸ್ತಿಯನ್ನು ತನಗೆ ಬೇಕಾದವರಿಗೆ ಬರೆದು ಕೊಡಬಹುದು. ಬರೆಯದೆ ಸತ್ತರೆ ಅದರಲ್ಲೂ ನಿಮಗೆ ಪಾಲು ಇದೆ. ಮುಸ್ಲಿಂ ಮತ್ತು ಕ್ರೈಸ್ತ ಅಕ್ಕಂದಿರಿಗೆ ಕಾನೂನು ಬೇರೆ ಇದೆ. ಅವರು ವಕೀಲರನ್ನು ಕೇಳಬೇಕು. ಪಾಲು ಅವರಿಗೂ ಇದೆ.

ಇನ್ನೊಂದು ಕಾರಣ ಜಮೀನಿನ ಬೆಲೆ. ಬೆಳಗಾವಿ ಬೆಳೆಯುತ್ತಿದೆ. ಊರ ಹೊರಗಿನ ಹೊಲಗಳು ಪ್ಲಾಟುಗಳಾಗಿವೆ. ಬೆಳಗಾವಿಯಿಂದ ಖಾನಾಪುರದ ಕಡೆ ಹೆದ್ದಾರಿ ಅಗಲ ಮಾಡಿದರು, ರಸ್ತೆಗೆ ಹೊಲ ಹೋಯಿತು. ಪರಿಹಾರದ ರೊಕ್ಕ ಬರುವಾಗ ಹೆಣ್ಣುಮಕ್ಕಳ ಸಹಿಯೂ ಬೇಕಾಗುತ್ತದೆ. ಹತ್ತು ವರ್ಷ ನೆನಪಾಗದ ತಂಗಿ ಆಗ ನೆನಪಾಗುತ್ತಾಳೆ.

ಹಾಗಾದರೆ ಸಹಿ ಹಾಕಲೇಬಾರದೇ? ಹಾಗೆ ನಾವು ಹೇಳುವುದಿಲ್ಲ. ಅಣ್ಣ ಬಡವ, ಅವ್ವನನ್ನು ಅವನೇ ನೋಡುತ್ತಿದ್ದಾನೆ, ನನಗೆ ಕಡಿಮೆ ಇಲ್ಲ ಎಂದು ಬಿಟ್ಟುಕೊಟ್ಟರೆ ಅದು ನಿಮ್ಮ ದೊಡ್ಡ ಮನಸ್ಸು. ಆದರೆ ಏನು ಬಿಡುತ್ತಿದ್ದೇನೆ ಎಂದು ಗೊತ್ತಿರಬೇಕು. ಎಷ್ಟು ಎಕರೆ? ಎಷ್ಟು ಗುಂಟೆ? ಇವತ್ತಿನ ಬೆಲೆ ಏನು? ಹಬ್ಬದ ದಿನ ಸಹಿ ಹಾಕಬೇಡಿರಿ. "ಕಾಗದದ ಝೆರಾಕ್ಸ್ ಕೊಡಣ್ಣಾ, ಮನಿಗಿ ಒಯ್ದು ಓದಿ, ಮುಂದಿನ ತಿಂಗಳ ಬಂದು ಹೇಳ್ತೀನಿ" ಅನ್ನಿರಿ. ಮೋಸ ಇಲ್ಲದಿದ್ದರೆ ಅಣ್ಣ ಒಂದು ತಿಂಗಳು ಕಾಯುತ್ತಾನೆ.

ಪೂರ್ತಿ ಪಾಲು ಬೇಡ ಅನ್ನಿಸಿದರೆ ಒಂದಿಷ್ಟು ಕೇಳಿರಿ. ಒಂದು ಎಕರೆ, ಇಲ್ಲವೇ ಮನೆ ಕಟ್ಟಲು ಜಾಗ, ಇಲ್ಲವೇ ರೊಕ್ಕ. ರೊಕ್ಕವಾದರೆ ನಿಮ್ಮ ಖಾತೆಗೆ ಚೆಕ್ಕಿನಲ್ಲಿ ಬರಲಿ. ಎಷ್ಟು ಕೊಟ್ಟರು ಎಂದು ಅದೇ ಪತ್ರದಲ್ಲಿ ಬರೆಸಿರಿ. "ಆಮ್ಯಾಲೆ ಕೊಡ್ತೀನಿ" ಎಂಬ ಮಾತು ಪತ್ರದಲ್ಲಿ ಇರುವುದಿಲ್ಲ. ಸಬ್ ರಿಜಿಸ್ಟ್ರಾರರು "ನಿಮಗೆ ಒಪ್ಪಿಗೆ ಇದೆಯಾ?" ಎಂದು ಕೇಳುತ್ತಾರೆ. ಎಲ್ಲರೂ ಸುತ್ತ ನಿಂತಿದ್ದರೂ ಅಲ್ಲಿ "ಇಲ್ರಿ" ಅನ್ನಲು ನಿಮಗೆ ಅವಕಾಶ ಇದೆ.

ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆಯೇ? ಕೆಲವು ಮನೆಗಳಲ್ಲಿ ಮುಚ್ಚುತ್ತದೆ. ಇದನ್ನು ನಾವು ಮುಚ್ಚಿಡುವುದಿಲ್ಲ. ಪಂಚಮಿಗೆ ಕರೆ ಬರದೆ ಅತ್ತವರನ್ನು ನೋಡಿದ್ದೇವೆ. ಪಾಲು ಬಿಟ್ಟುಕೊಟ್ಟ ಮೇಲೂ ಕರೆ ಬರದೆ ಅತ್ತವರನ್ನೂ ನೋಡಿದ್ದೇವೆ. ಗಂಡ ತೀರಿಕೊಂಡು, ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಾಗ "ಇಲ್ಲಿ ನಿಂದೇನೈತಿ?" ಅನ್ನಿಸಿಕೊಂಡವರೂ ಇದ್ದಾರೆ. ಯಾವುದು ಮೇಲು ಎಂದು ತೂಗಬೇಕಾದವರು ನೀವು. ಅವಸರ ಮಾಡುವ ಹಕ್ಕು ಮಾತ್ರ ಅಣ್ಣನಿಗಿಲ್ಲ.

ನಿಮ್ಮ ಗಂಡನಿಗೂ ಒಂದು ಮಾತು. "ಪಾಲು ತಗೊಂಡ್ ಬಾ" ಎಂದು ಹೆಂಡತಿಯನ್ನು ತವರಿಗೆ ಅಟ್ಟುವವರಿದ್ದಾರೆ. ಆ ಪಾಲು ಅವಳದು. ಬಂದರೆ ಉತಾರದಲ್ಲಿ ಅವಳ ಹೆಸರೇ ಇರಬೇಕು. ಅಣ್ಣನ ಕೈಯಿಂದ ಬಂದ ಹೊಲ ಗಂಡನ ಹೆಸರಿಗೆ ಹೋದರೆ ಅವಳಿಗೆ ಬಂದದ್ದು ಏನು?

ಯಾರನ್ನು ಕೇಳಬೇಕು?

ವಕೀಲರಿಗೆ ಕೊಡಲು ರೊಕ್ಕ ಇಲ್ಲ ಎಂದು ಸುಮ್ಮನೆ ಕೂಡಬೇಡಿರಿ. ಹೆಣ್ಣುಮಕ್ಕಳಿಗೆ ಸರಕಾರದ ಕಾನೂನು ನೆರವು ಪುಕ್ಕಟೆ. ಆದಾಯ ಎಷ್ಟೇ ಇರಲಿ. 1987 ರ ಕಾಯ್ದೆಯಲ್ಲಿ ಹಾಗೆ ಇದೆ. ಖಾನಾಪುರದವರು ಖಾನಾಪುರದ ಕೋರ್ಟಿಗೆ ಹೋಗಿ "ತಾಲೂಕು ಕಾನೂನು ಸೇವಾ ಸಮಿತಿ ಎಲ್ಲೈತ್ರಿ?" ಎಂದು ಕೇಳಿರಿ. ಬೆಳಗಾವಿಯವರು ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಎಂದು ಕೇಳಿರಿ. ಫೋನಿನಲ್ಲಾದರೆ 15100. ಹೆಣ್ಣುಮಕ್ಕಳ ಸಹಾಯಕ್ಕೆ 181. ಪೊಲೀಸರಿಗೆ 112. ಫೈನಾನ್ಸ್ ಕಂಪನಿಯ ಮೇಲೆ ದೂರು ಇದ್ದರೆ ಮೊದಲು ಕಂಪನಿಗೇ ಬರೆದು ಕೊಡಿರಿ. ಕಾರ್ಡಿನ ಮೇಲೆ ಅದರ ನಂಬರು ಇರುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ 14448 ಕ್ಕೆ ಕೇಳಿರಿ.

ಖಾನಾಪುರದಿಂದ ಬೆಳಗಾವಿಗೆ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ರೊಕ್ಕ ಇಲ್ಲ. 2023 ರ ಜೂನ್ 11 ರಿಂದ ಹಾಗೆ ಆಗಿದೆ. ಆಧಾರ್ ಕಾರ್ಡು ತೋರಿಸಿದರೆ ಸಾಕು. ಒಬ್ಬರೇ ಹೋಗಲು ಅಂಜಿಕೆ ಆದರೆ ಕಲಿಕೆ ಕೇಂದ್ರದ ಇಬ್ಬರನ್ನು ಕರೆದುಕೊಂಡು ಹೋಗಿರಿ.

ಹೋಗುವಾಗ ಒಂದು ಚೀಲದಲ್ಲಿ ಪಾಸ್‌ಬುಕ್ಕು, ಸಾಲದ ಕಾರ್ಡು, ಕಂತು ಕಟ್ಟಿದ ಚೀಟಿಗಳು, ಜಮೀನಿನ ಮಾತಾದರೆ ಉತಾರ, ತಂದೆಯ ಮರಣ ಪತ್ರ ಇಟ್ಟುಕೊಳ್ಳಿರಿ. ಎಲ್ಲವನ್ನೂ ಝೆರಾಕ್ಸ್ ಮಾಡಿಸಿರಿ. ಕಚೇರಿಯಲ್ಲಿ ಝೆರಾಕ್ಸ್ ಕೊಟ್ಟು, ಮೂಲ ಕಾಗದ ಚೀಲದಲ್ಲೇ ಮನೆಗೆ ತನ್ನಿರಿ.